ಬಾಲ್ಡ್ ಅಂದರೆ ಬೋಳೋ, ಬಿಳಿಯೋ?

ಪ್ರಶ್ನೆ: ನನಗೀಗ ನಲವತ್ತೆರಡು ವರ್ಷ. ನೆತ್ತಿಯಲ್ಲಿ ಕೂದಲು ಕಮ್ಮಿಯಾಗುತ್ತಿದೆ. ಮೊನ್ನೆ ಇಂಗ್ಲಿಷ್ ಪಾಠ ಓದುತ್ತಿದ್ದ ಮಗಳು, "ಅಪ್ಪಾ, ನೀನು ಬಾಲ್ಡಾ, ಬಾಲ್ಡಿಂಗಾ?" ಎಂದು ಕೇಳಿದಳು. ಸರಿಯಾದ ಉತ್ತರ ನನಗೆ ಗೊತ್ತಿರಲಿಲ್ಲ. ಅಷ್ಟಕ್ಕೇ ಬಿಡದೆ, "ತಲೆ ತುಂಬ ಗರಿ ಇರೋ ಹದ್ದಿಗೆ ಬಾಲ್ಡ್ ಈಗಲ್ ಅಂತ ಯಾಕೆ ಹೆಸರು?" ಎಂದಳು. ನಮ್ಮ 'ಬೋಳು', ಅವರ 'ಬಾಲ್ಡ್' ಕಿವಿಗೆ ಒಂದೇ ಥರ ಕೇಳುತ್ತವೆ. ಎರಡಕ್ಕೂ ಮೂಲ ಒಂದೇ ಇರಬಹುದಾ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಮಗಳ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಈ ಪದದ ಕಥೆಯ ಎಳೆ ಸಿಗುವುದು ಆ ಹದ್ದಿನ ತಲೆಯಲ್ಲೇ.

ಬಾಲ್ಡ್ ಈಗಲ್‌ನ ಒಂದು ಒಳ್ಳೆಯ ಫೋಟೊ ತೆಗೆದು ಹತ್ತಿರದಿಂದ ನೋಡಿ. ಬಾಲ ಬಿಟ್ಟರೆ ಮೈಯೆಲ್ಲ ಕಡು ಕಂದು. ಕುತ್ತಿಗೆಯ ಹತ್ತಿರ ಆ ಕಂದು ತಟ್ಟನೆ ನಿಂತುಹೋಗುತ್ತದೆ, ಅಲ್ಲಿಂದ ಮೇಲಕ್ಕೆ ಹಾಲಿನಂಥ ಬಿಳಿ. ನೆತ್ತಿಯಲ್ಲಿ ಬರಿ ಚರ್ಮ ಎಲ್ಲೂ ಕಾಣುವುದಿಲ್ಲ, ಅಷ್ಟು ಒತ್ತಾಗಿ ಗರಿಗಳಿವೆ. ಮರಿಯಾಗಿದ್ದಾಗ ಆ ತಲೆಯೂ ಕಂದೇ. ಬಿಳಿ ಪೂರ್ತಿ ತುಂಬಿಕೊಳ್ಳಲು ನಾಲ್ಕೈದು ವರ್ಷ ಬೇಕು. ವಿಜ್ಞಾನಿಗಳು ಇದನ್ನು ಹಾಲಿಯೀಟಸ್ ಲ್ಯೂಕೋಸೆಫಾಲಸ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಲ್ಯೂಕೋಸ್ ಅಂದರೆ ಬಿಳಿ, ಕೆಫಲೆ ಅಂದರೆ ತಲೆ. ಬಿಳಿತಲೆಯ ಕಡಲ ಹದ್ದು, ಅಷ್ಟೇ.

ಇಂಗ್ಲಿಷ್ ಹೆಸರು ಹೇಳುತ್ತಿರುವುದೂ ಅದನ್ನೇ. ಹಕ್ಕಿಗೆ ಆ ಹೆಸರು ಬಂದ ಕಾಲದಲ್ಲಿ ಬಾಲ್ಡ್ ಎಂಬ ಪದಕ್ಕೆ 'ತಲೆ ಅಥವಾ ಮುಖ ಬೆಳ್ಳಗಿರುವ' ಎಂಬ ಅರ್ಥವೂ ಬಳಕೆಯಲ್ಲಿತ್ತು. 1782ರಲ್ಲಿ ಈ ಹಕ್ಕಿ ಅಮೆರಿಕದ ರಾಷ್ಟ್ರಮುದ್ರೆಯ ಮೇಲೆ ಬಂತು. 2024ರ ಡಿಸೆಂಬರ್‌ನಲ್ಲಿ ಕಾನೂನಿನ ಪ್ರಕಾರವೂ ಆ ದೇಶದ ರಾಷ್ಟ್ರಪಕ್ಷಿಯಾಯಿತು. ಅಷ್ಟರಲ್ಲಿ ಪದದ ಆ ಹಳೆಯ ಅರ್ಥ ಮಾತಿನಿಂದ ಮರೆಯಾಗಿತ್ತು. ಹೆಸರು ಮಾತ್ರ ಹಾಗೇ ಉಳಿಯಿತು. ಇದನ್ನು ಕನ್ನಡದಲ್ಲಿ 'ಬೋಳು ಹದ್ದು' ಎಂದು ಬರೆದಿರುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. 'ಬಿಳಿತಲೆ ಹದ್ದು' ಎಂದರೆ ಸಾಕಲ್ವಾ? ಹಕ್ಕಿಗೂ ನ್ಯಾಯ, ಪದಕ್ಕೂ ನ್ಯಾಯ.

ಈ ಹಕ್ಕಿಯೊಂದೇ ಅಲ್ಲ. ಕಪ್ಪು ಬಿಳಿ ಮಚ್ಚೆಗಳ ಕುದುರೆಗೆ ಇಂಗ್ಲಿಷಿನಲ್ಲಿ ಪೈಬಾಲ್ಡ್ ಎನ್ನುತ್ತಾರೆ. ಪೈ ಅಂದರೆ ಮ್ಯಾಗ್‌ಪೈ ಹಕ್ಕಿ, ಅದರ ಮೈಯೂ ಕಪ್ಪು ಬಿಳಿ. ಪೈಬಾಲ್ಡ್ ಕುದುರೆಗೆ ಮೈತುಂಬ ಕೂದಲಿರುತ್ತದೆ. ಮುಖ ಬೆಳ್ಳಗಿರುವ ಒಂದು ಕಣಜದ ಹೆಸರು ಬಾಲ್ಡ್-ಫೇಸ್ಡ್ ಹಾರ್ನೆಟ್. ಇಲ್ಲೆಲ್ಲ ಬಾಲ್ಡ್ ಅಂದರೆ ಬಿಳಿ.

ಹಾಗಾದರೆ ಬಿಳಿಯಿಂದ ಬೋಳಿಗೆ ಪದ ದಾಟಿದ್ದು ಹೇಗೆ? ಇದಕ್ಕೆ ಇನ್ನೊಂದು ಹಕ್ಕಿಯನ್ನು ನೋಡಬೇಕು. ಕೂಟ್ ಎಂಬ ನೀರುಹಕ್ಕಿ. ಕನ್ನಡದಲ್ಲಿ ಅದಕ್ಕೆ ನಾಮದ ಕೋಳಿ ಎಂಬ ಚಂದದ ಹೆಸರಿದೆ. ನಾನು ಇದನ್ನು ಮೊದಲು ದುರ್ಬೀನಿನಲ್ಲಿ ಸರಿಯಾಗಿ ನೋಡಿದ ದಿನ ಈ ಪದದ ಬಗ್ಗೆ ಇದ್ದ ಅರ್ಧ ಗೊಂದಲ ಅಲ್ಲೇ ಕರಗಿತು. ಮೈ ಇದ್ದಿಲ ಕಪ್ಪು. ಕಣ್ಣು ಕೆಂಪು. ಕೊಕ್ಕು ಬಿಳಿ. ಆ ಬಿಳಿ ಕೊಕ್ಕಿಗೇ ನಿಲ್ಲುವುದಿಲ್ಲ, ಮೇಲೆ ಹತ್ತಿ ಹಣೆಯ ತನಕ ಹೋಗುತ್ತದೆ, ಥೇಟ್ ನಾಮ ಎಳೆದ ಹಾಗೆ. ಆದರೆ ಅದು ಬಿಳಿ ಗರಿಯಲ್ಲ. ಗರಿಯೇ ಇಲ್ಲದ ನುಣುಪಾದ ಫಲಕ. ಅಂದರೆ ಆ ಹಣೆ ಬೆಳ್ಳಗೂ ಇದೆ, ಬೋಳಾಗಿಯೂ ಇದೆ. ಎರಡು ಅರ್ಥಗಳೂ ಒಂದೇ ಜಾಗದಲ್ಲಿ ಕೂತಿವೆ. 'ಕೂಟ್ ಹಕ್ಕಿಯಷ್ಟು ಬಾಲ್ಡ್' ಎಂಬ ಮಾತು ಇಂಗ್ಲಿಷಿನಲ್ಲಿ 15ನೇ ಶತಮಾನದಿಂದಲೂ ಇದೆ. ಪೂರ್ತಿ ಕೂದಲು ಹೋದವರ ಬಗ್ಗೆ ಇವತ್ತಿಗೂ ಹಾಗೆ ಹೇಳುತ್ತಾರೆ.

ಈಗ ಪದವನ್ನೇ ಬಿಡಿಸಿ ನೋಡೋಣ. ಇಂಗ್ಲಿಷ್ ಬರಹದಲ್ಲಿ ಇದು 1300ರ ಸುಮಾರಿಗೆ ಕಾಣಿಸಿಕೊಳ್ಳುತ್ತದೆ. ಆಗ ಅದರ ರೂಪ ಬೇರೆ ಇತ್ತು. 'ಬಾಲೆಡ್' ಅನ್ನುವ ಹಾಗೆ, ಕೊನೆಯಲ್ಲಿ 'ಎಡ್' ಸ್ಪಷ್ಟವಾಗಿ ಕೇಳುವಂತೆ ಹೇಳುತ್ತಿದ್ದರು. ಕಾಲ ಕಳೆದಂತೆ ನಡುವಿನ ಸ್ವರ ಸವೆದು ಬಾಲ್ಡ್ ಆಯಿತು.

ಆ 'ಎಡ್' ಬಹಳ ಮುಖ್ಯ. ನಿಮ್ಮ ಪ್ರಶ್ನೆಗೆ ನಾನು ಕೊಡಬೇಕೆಂದಿರುವ ಉತ್ತರದ ತಿರುಳು ಅದರಲ್ಲಿದೆ. ಇಂಗ್ಲಿಷಿನಲ್ಲಿ ಏನೋ ಇಲ್ಲ ಎನ್ನಲು 'ಲೆಸ್' ಸೇರಿಸುತ್ತಾರೆ. ಹೇರ್‌ಲೆಸ್ ಅಂದರೆ ಕೂದಲಿಲ್ಲದ. ಏನೋ ಇದೆ ಎನ್ನಲು 'ಎಡ್' ಸೇರಿಸುತ್ತಾರೆ. ಬಿಯರ್ಡೆಡ್ ಅಂದರೆ ಗಡ್ಡವುಳ್ಳ. ಹಾರ್ನ್ಡ್ ಅಂದರೆ ಕೊಂಬುಳ್ಳ. ಹಾಗೆ ನೋಡಿದರೆ ಬಾಲ್ಡ್ ಅಂದರೆ 'ಬಾಲ್ ಉಳ್ಳ'. ಇಲ್ಲದ್ದನ್ನು ಹೇಳಲು ಕಟ್ಟಿದ ಪದ ಅಲ್ಲ ಅದು, ಇರುವುದನ್ನು ಹೇಳಲು ಕಟ್ಟಿದ ಪದ.

ಆ 'ಬಾಲ್' ಯಾವುದು ಎಂಬಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಮುಖ್ಯವಾಗಿ ಎರಡು ವಾದಗಳಿವೆ. ಒಂದು, ಅದು ನಮಗೆಲ್ಲ ಗೊತ್ತಿರುವ ಚೆಂಡು. ತಲೆ ಚೆಂಡಿನಂತೆ ಗುಂಡಗೆ, ನುಣ್ಣಗೆ ಇದೆ ಎಂಬ ಅರ್ಥದಲ್ಲಿ ಪದ ಹುಟ್ಟಿತು ಎಂಬುದು. ಇನ್ನೊಂದು, ಅದು ಪ್ರಾಣಿಯ ಹಣೆಯ ಬಿಳಿ ಗುರುತು ಎಂಬುದು. ಬ್ರಿಟನ್ನಿನ ಹಳೆಯ ಕೆಲ್ಟಿಕ್ ಭಾಷೆಗಳ ಬಳಗಕ್ಕೆ ಸೇರಿದ ವೆಲ್ಷ್‌ನಲ್ಲಿ 'ಬಾಲ್' ಎಂಬ ಪದವನ್ನು ಹಣೆಯಲ್ಲಿ ಬಿಳಿ ಇರುವ ಕುದುರೆಗೆ ಬಳಸುತ್ತಾರೆ. ಅದರ ಬಂಧುವಾದ ಬ್ರೆಟನ್ ಭಾಷೆಯಲ್ಲೂ ಅಂಥದೇ ಅರ್ಥದ ಪದವಿದೆ. ಹಳೆಯ ಇಂಗ್ಲಿಷ್ ರೈತರು ಮುಖದಲ್ಲಿ ಬಿಳಿ ಪಟ್ಟೆ ಇರುವ ಕುದುರೆಯನ್ನು 'ಬಾಲ್' ಎಂದೇ ಹೆಸರಿಟ್ಟು ಕರೆಯುತ್ತಿದ್ದರು. ನನ್ನ ಒಲವು ಎರಡನೆಯ ವಾದದ ಕಡೆಗೆ. ಹದ್ದು, ಕುದುರೆ, ಕಣಜ, ಕೂಟ್ ಎಲ್ಲವೂ ಅದರ ಪಕ್ಕದಲ್ಲೇ ನಿಲ್ಲುತ್ತವೆ. ಚೆಂಡಿನ ವಾದ ಒಪ್ಪಿದರೆ ಬಿಳಿಯ ಅರ್ಥ ಎಲ್ಲಿಂದ ಬಂತು ಎಂದು ಹೇಳುವುದು ಕಷ್ಟ.

ಈ ಬಿಳಿ ಹಣೆಯ ಕುದುರೆಗೆ ಬಹಳ ಹಳೆಯ ಒಂದು ಸಾಕ್ಷಿ ಇದೆ. 537ರಲ್ಲಿ ರೋಮ್ ನಗರವನ್ನು ಗಾಥ್ ಎಂಬ ಜರ್ಮನ್ ಬುಡಕಟ್ಟಿನ ಸೈನ್ಯ ಮುತ್ತಿತ್ತು. ಒಳಗಿದ್ದವನು ಬೆಲಿಸಾರಿಯಸ್ ಎಂಬ ಸೇನಾಪತಿ. ಅವನ ಜೊತೆಗಿದ್ದ ಇತಿಹಾಸಕಾರ ಪ್ರೊಕೋಪಿಯಸ್ ಆ ಯುದ್ಧವನ್ನು ಬರೆದಿಟ್ಟಿದ್ದಾನೆ. ಸೇನಾಪತಿಯ ಕುದುರೆಯ ಮೈ ಕಡು ಬೂದು, ಆದರೆ ಮುಖ ನೆತ್ತಿಯಿಂದ ಮೂಗಿನ ತನಕ ಅಚ್ಚ ಬಿಳಿ. ಇಂಥ ಕುದುರೆಯನ್ನು ಗ್ರೀಕರು 'ಫಾಲಿಯೋಸ್' ಎನ್ನುತ್ತಾರೆ, ಅನ್ಯ ಜನ 'ಬಾಲನ್' ಎನ್ನುತ್ತಾರೆ ಎಂದು ಅವನು ಹೇಳುತ್ತಾನೆ. ಪಕ್ಷ ಬದಲಿಸಿ ಗಾಥರ ಕಡೆ ಸೇರಿದ್ದ ಕೆಲವು ಸೈನಿಕರಿಗೆ ಆ ಕುದುರೆಯ ಗುರುತು ಇತ್ತು. ಆ ಕುದುರೆಗೇ ಗುರಿ ಇಡಿ ಎಂದು ಅವರು ಕೂಗಿದರು. ಬಾಣಗಳೆಲ್ಲ ಆ ಬಿಳಿ ಮುಖದತ್ತ ಹಾರಿದವು. ಸೇನಾಪತಿ ಗಾಯವಿಲ್ಲದೆ ಪಾರಾದ. ಅಷ್ಟು ಜನರ ಕೂಗಿನ ನಡುವೆ ಕೇಳಿಬಂದ 'ಬಾಲನ್' ಎಂಬ ಆ ಒಂದು ಶಬ್ದ ಪುಸ್ತಕದಲ್ಲಿ ಉಳಿದು ಇವತ್ತು ನಮ್ಮ ಕೈಗೆ ಸಿಕ್ಕಿದೆ. ಪದಗಳ ಹಿಂದೆ ಬಿದ್ದವರಿಗೆ ಇಂಥದ್ದು ಸಿಕ್ಕಿದ ದಿನ ನಿದ್ದೆ ಬರುವುದಿಲ್ಲ.

ಗ್ರೀಕರ 'ಫಾಲಿಯೋಸ್' ಕೂಡ ಇದೇ ಮನೆತನದ್ದು ಎಂದು ಪಂಡಿತರು ನಂಬುತ್ತಾರೆ. ಗ್ರೀಕಿನಲ್ಲಿ ಬೋಳುತಲೆಯವನಿಗೆ 'ಫಲಕ್ರೋಸ್' ಎನ್ನುತ್ತಾರೆ. ಅಲ್ಲೂ ಬಿಳಿ ಮತ್ತು ಬೋಳು ಅಕ್ಕಪಕ್ಕದಲ್ಲೇ ಇವೆ ನೋಡಿ. ಇವನ್ನೆಲ್ಲ 'ಹೊಳೆ, ಮಿಂಚು' ಎಂಬ ಅರ್ಥದ 'ಭೆಲ್' ಎಂಬ ಬಹಳ ಪುರಾತನ ಧಾತುವಿಗೆ ಸೇರಿಸುತ್ತಾರೆ. ಲಿಥುವೇನಿಯಾದ ಭಾಷೆಯಲ್ಲಿ 'ಬಾಲ್ತಸ್' ಅಂದರೆ ಬಿಳಿ. ಬೆಲ್‌ಗ್ರೇಡ್ ಎಂಬ ಊರ ಹೆಸರಿಗೆ 'ಬಿಳಿ ಕೋಟೆ' ಎಂದರ್ಥ. ಬೆಲೂಗಾ ತಿಮಿಂಗಿಲ ಅಂದರೆ ಬಿಳಿ ತಿಮಿಂಗಿಲ. ಸಂಸ್ಕೃತದ 'ಭಾಲ' ಎಂಬ ಪದವನ್ನೂ ಇದೇ ಗುಂಪಿಗೆ ಹಾಕುತ್ತಾರೆ. ಭಾಲ ಅಂದರೆ ಹಣೆ, ಹೊಳಪು ಎಂಬ ಅರ್ಥವೂ ಉಂಟು. ಭಾಲಚಂದ್ರ ಎಂಬ ಹೆಸರು ನಿಮಗೆ ಗೊತ್ತೇ ಇದೆ, ಹಣೆಯಲ್ಲಿ ಚಂದ್ರನಿರುವವನು. ಕುದುರೆಯ ಹಣೆಯ ಬಿಳಿ ಗುರುತಿನಿಂದ ಭಾಲಚಂದ್ರನ ತನಕ ಒಂದೇ ಎಳೆ ಇರುವುದು ನಿಜವಾದರೆ, ನೀವು ಹುಡುಕುತ್ತಿದ್ದ ನಂಟು ಇದೇ. ಅದು 'ಬೋಳು' ಪದದಲ್ಲಿಲ್ಲ, 'ಭಾಲ' ಪದದಲ್ಲಿದೆ.

ಹೊಳಪು ಮತ್ತು ಬೋಳುತನ ಜೊತೆಗೂಡಿದ್ದನ್ನು ಇಂಗ್ಲಿಷ್ ಕವಿ ಚಾಸರ್ ಕೂಡ ಕಂಡಿದ್ದ. 14ನೇ ಶತಮಾನದ ಕೊನೆಯಲ್ಲಿ ಅವನು ಒಬ್ಬ ಸನ್ಯಾಸಿಯನ್ನು ವರ್ಣಿಸುತ್ತ ಆತನ ತಲೆ ಬಾಲೆಡ್ ಆಗಿತ್ತು, ಗಾಜಿನಂತೆ ಹೊಳೆಯುತ್ತಿತ್ತು ಎನ್ನುತ್ತಾನೆ. ಅದೇ ಕಾಲದಲ್ಲಿ ವಿಕ್ಲಿಫ್ ಹೆಸರಿನ ಇಂಗ್ಲಿಷ್ ಬೈಬಲ್ ಬಂತು. ಎಲೀಷ ಪ್ರವಾದಿಯನ್ನು ಹುಡುಗರು ಹಂಗಿಸುವ ಜಾಗದಲ್ಲಿ ಅದು 'ಬಾಲರ್ಡ್' ಎಂಬ ಪದ ಬಳಸುತ್ತದೆ, ಬೋಳುತಲೆಯವನೇ ಎಂದು. 1611ರ ಬೈಬಲ್‌ನಲ್ಲಿ ಅದು 'ಬಾಲ್ಡ್ ಹೆಡ್' ಆಯಿತು. ಬಾಲರ್ಡ್ ಎಂಬ ಅಡ್ಡಹೆಸರು ಇಂಗ್ಲಿಷ್ ಜನರಲ್ಲಿ ಈಗಲೂ ಇದೆ.

ಈಗ ನಮ್ಮ ಬೋಳು. ನಿಮ್ಮ ಊಹೆ ಸಹಜವಾದದ್ದೇ, ಎಷ್ಟೋ ಜನ ನನ್ನನ್ನು ಇದನ್ನು ಕೇಳಿದ್ದಾರೆ. ಆದರೆ ಇಲ್ಲ, ಎರಡೂ ಬೇರೆ ಬೇರೆ. ಬೋಳು ಅಚ್ಚ ದ್ರಾವಿಡ ಪದ. ಕನ್ನಡದಲ್ಲೇ ಬೋಡು ಎಂಬ ರೂಪವೂ ಇದೆ, ತೆಲುಗಿನಲ್ಲಿ ಬೋಡಿ ಇದೆ. ಎರಡು ಭಾಷೆಯ ಪದಗಳು ಈಗ ಒಂದೇ ಥರ ಕೇಳಿದರೆ ಸಾಲದು. ಹಿಂದಕ್ಕೆ ಹೋದಷ್ಟೂ ಹತ್ತಿರವಾಗಬೇಕು. ಇಲ್ಲಿ ಹಿಂದಕ್ಕೆ ಹೋದರೆ ದೂರವಾಗುತ್ತವೆ. ಬಾಲ್ಡ್ ಪದದ ಕೊನೆಯ 'ಡ್' ಅದರ ಸ್ವಂತದ್ದಲ್ಲ, ಅಂಟಿಸಿದ ಪ್ರತ್ಯಯ. ಅದನ್ನು ಬಿಚ್ಚಿದರೆ ಉಳಿಯುವುದು 'ಬಾಲ್' ಮಾತ್ರ, ಅದರ ಅರ್ಥ ಬೋಳು ಅಲ್ಲವೇ ಅಲ್ಲ. ನಮ್ಮ ಬೋಡು ಪದದ 'ಡ'ಗೂ ಅದಕ್ಕೂ ಸಂಬಂಧವಿಲ್ಲ. ಹೋಲಿಕೆ ಸುಮ್ನೆ ಕಾಕತಾಳೀಯ.

ಅರ್ಥದ ದಾರಿಯೂ ಬೇರೆ. ಬೋಳು ಎಂದಾಗ ಕನ್ನಡ ನೋಡುವುದು ಇರಬೇಕಾದದ್ದು ಇಲ್ಲದಿರುವುದನ್ನು. ಎಲೆ ಉದುರಿದರೆ ಬೋಳು ಮರ. ಹಸಿರಿಲ್ಲದಿದ್ದರೆ ಬೋಳು ಗುಡ್ಡ. ಕೊಂಬಿಲ್ಲದಿದ್ದರೆ ಬೋಳೆತ್ತು. ಚಿತ್ರಪಟ ಏನೂ ಇಲ್ಲದಿದ್ದರೆ ಬೋಳು ಗೋಡೆ. ಇಂಗ್ಲಿಷಿನ ಬಾಲ್ಡ್ ಹುಟ್ಟಿದಾಗ ನೋಡಿದ್ದು ಎದುರಿಗೆ ಹೊಳೆಯುತ್ತ ಇರುವುದನ್ನು. ಒಂದೇ ತಲೆಯನ್ನು ಎರಡು ಭಾಷೆಗಳು ಎರಡು ಕಡೆಯಿಂದ ನೋಡಿವೆ. ಆಮೇಲಾಮೇಲೆ ಬಾಲ್ಡ್ ಕೂಡ ನಮ್ಮ ಬೋಳಿನ ದಾರಿಗೇ ಬಂತು. ಸವೆದ ಟೈರ್ ಬಾಲ್ಡ್ ಟೈರ್, ಮರವಿಲ್ಲದ ಬೆಟ್ಟ ಬಾಲ್ಡ್ ಬೆಟ್ಟ, ಸುತ್ತಿಬಳಸದೆ ನೇರ ಹೇಳಿದ ಮಾತು ಬಾಲ್ಡ್ ಸ್ಟೇಟ್‌ಮೆಂಟ್.

ಇಲ್ಲಿ ಒಂದು ಪ್ರಶ್ನೆ ಬರಬೇಕು. 1300ಕ್ಕೆ ಮುಂಚೆ ಇಂಗ್ಲಿಷ್ ಜನರ ಕೂದಲು ಉದುರುತ್ತಿರಲಿಲ್ಲವೇ? ಉದುರುತ್ತಿತ್ತು, ಅದಕ್ಕೆ ಬೇರೆ ಪದ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಅದು 'ಕಾಲು'. ಜರ್ಮನ್‌ನ 'ಕಾಲ್', ಡಚ್‌ನ 'ಕಾಲ್' ಅದರ ಬಂಧುಗಳು, ಅಲ್ಲಿ ಈಗಲೂ ಅವಕ್ಕೆ ಬೋಳು ಎಂದೇ ಅರ್ಥ. ಇಂಗ್ಲಿಷಿನಲ್ಲಿ ಬಾಲ್ಡ್ ಬಂದು ಆ ಜಾಗ ಹಿಡಿಯಿತು. ಹಳೆಯ ಪದ ಸಾಯಲಿಲ್ಲ, ಗೂಡಿಗೆ ಹೋಯಿತು. ಇನ್ನೂ ಗರಿ ಮೂಡದ ಹಕ್ಕಿಮರಿಯನ್ನು 'ಕ್ಯಾಲೋ' ಎನ್ನತೊಡಗಿದರು. ಗೂಡಿನಲ್ಲಿ ಬಾಯಿ ತೆರೆದು ಕೂತ ಆ ಕೆಂಪು ಬರಿಮೈ ಮರಿಗಳು ನೆನಪಾಗುತ್ತವಲ್ಲ, ಅವೇ. ಅಲ್ಲಿಂದ ಲೋಕಜ್ಞಾನ ಇಲ್ಲದ ಎಳೆ ಹುಡುಗನಿಗೆ 'ಕ್ಯಾಲೋ ಯೂತ್' ಎಂಬ ಮಾತು ಬಂತು. ಇಂದಿನ ಇಂಗ್ಲಿಷಿನಲ್ಲಿ ಕ್ಯಾಲೋ ಅಂದರೆ ಅನುಭವ ಸಾಲದವನು. ಒಂದು ಕಾಲಕ್ಕೆ ಕೂದಲು ಕಳೆದುಕೊಂಡ ಹಿರಿಯನಿಗೆ ಹೇಳುತ್ತಿದ್ದ ಪದ ಈಗ ಮೀಸೆ ಚಿಗುರದ ಹುಡುಗನಿಗೆ ಸಲ್ಲುತ್ತಿದೆ. ಇಂಗ್ಲಿಷ್ ಪದಗಳ ಕಥೆಗಳಲ್ಲಿ ನನಗೆ ತುಂಬ ಇಷ್ಟವಾದವುಗಳಲ್ಲಿ ಇದೂ ಒಂದು.

ಲ್ಯಾಟಿನ್‌ನಲ್ಲಿ ಬೋಳುತಲೆಗೆ 'ಕಾಲ್ವುಸ್' ಎನ್ನುತ್ತಿದ್ದರು. ವೇದಕಾಲದ ಸಂಸ್ಕೃತದಲ್ಲಿ ಬೋಳು ಎಂಬ ಅರ್ಥದ 'ಕುಲ್ವ' ಎಂಬ ಪದವಿದೆ, ಅದು ಇದರ ಬಂಧು. ಕಾಲ್ವುಸ್ ಬಿಟ್ಟುಹೋದ ಸಂತಾನ ದೊಡ್ಡದು. ಫ್ರೆಂಚ್‌ನಲ್ಲಿ 'ಶೋವ್', ಸ್ಪ್ಯಾನಿಷ್‌ನಲ್ಲಿ 'ಕಾಲ್ವೋ'. ಕ್ಯಾಲ್ವಿನ್ ಎಂಬ ಹೆಸರು ಅಲ್ಲಿಂದ ಬಂದದ್ದು. ಶೋವೆನ್ ಎಂಬ ಫ್ರೆಂಚ್ ಮನೆತನದ ಹೆಸರೂ ಅಷ್ಟೇ. ನೆಪೋಲಿಯನ್‌ನ ಕುರುಡು ಭಕ್ತನೆಂದು ಕಥೆಗಳಲ್ಲಿ ಬರುವ ನಿಕೊಲಾ ಶೋವೆನ್‌ನಿಂದ 'ಶೋವಿನಿಸಂ' ಹುಟ್ಟಿತು. ಪೇಪರಿನಲ್ಲಿ ದಿನಾ ಕಾಣುವ ಆ ಪದದ ಬುಡದಲ್ಲಿ ಒಂದು ಬೋಳುತಲೆ ಇದೆ. ಯೇಸುವನ್ನು ಶಿಲುಬೆಗೇರಿಸಿದ ಜಾಗವನ್ನು ಕ್ಯಾಲ್ವರಿ ಎನ್ನುವುದೂ ಈ ಬಳಗದ್ದೇ. ಅದು 'ತಲೆಬುರುಡೆ' ಎಂಬ ಅರ್ಥದ ಗೊಲ್ಗೊಥಾ ಪದದ ಲ್ಯಾಟಿನ್ ಅನುವಾದ.

9ನೇ ಶತಮಾನದಲ್ಲಿ ಫ್ರಾಂಕರ ರಾಜನಾಗಿದ್ದ ಚಾರ್ಲ್ಸ್‌ಗೆ 'ಬೋಳುತಲೆಯ ಚಾರ್ಲ್ಸ್' ಎಂದೇ ಇತಿಹಾಸದಲ್ಲಿ ಹೆಸರು. ಅದೇ ಕಾಲದಲ್ಲಿದ್ದ ಒಬ್ಬ ಸನ್ಯಾಸಿ ಬೋಳುತಲೆಯವರನ್ನು ಹೊಗಳಿ ಲ್ಯಾಟಿನ್‌ನಲ್ಲಿ ಒಂದು ಉದ್ದದ ಪದ್ಯ ಬರೆದ. ಅದರ ಪ್ರತಿಯೊಂದು ಪದವೂ 'ಸಿ' ಅಕ್ಷರದಿಂದಲೇ ಶುರುವಾಗುತ್ತದೆ, ಯಾಕೆಂದರೆ ಕಾಲ್ವುಸ್ ಶುರುವಾಗುವುದು ಆ ಅಕ್ಷರದಿಂದ. ಆ ಸನ್ಯಾಸಿಯ ಹೆಸರು ಹುಕ್‌ಬಾಲ್ಡ್.

ಹೆಸರಿನಲ್ಲೇ ಬಾಲ್ಡ್ ಇದೆಯಲ್ಲ ಎಂದು ಇಲ್ಲಿ ಮೋಸ ಹೋಗಬಾರದು. ಅದು ಬೇರೆಯೇ ಬಾಲ್ಡ್. ಹಳೆಯ ಜರ್ಮನ್ ಬಳಗದ ಭಾಷೆಗಳಲ್ಲಿ 'ಬಾಲ್ಡ್' ಅಂದರೆ ಧೀರ, ಗಟ್ಟಿಗ. ಇಂಗ್ಲಿಷಿನ 'ಬೋಲ್ಡ್' ಅದರ ರೂಪ. ಆರ್ಚಿಬಾಲ್ಡ್, ಥಿಯೋಬಾಲ್ಡ್, ಬಾಲ್ಡ್‌ವಿನ್, ಗ್ಯಾರಿಬಾಲ್ಡಿ ಎಂಬ ಹೆಸರುಗಳಲ್ಲಿ ಇರುವುದು ಆ ಧೈರ್ಯ, ಕೂದಲಿಗೂ ಅದಕ್ಕೂ ಸಂಬಂಧವಿಲ್ಲ. ಇಂದಿನ ಜರ್ಮನ್‌ನಲ್ಲಿ 'ಬಾಲ್ಟ್' ಎಂದು ಉಚ್ಚರಿಸುವ, ಆದರೆ ಅಕ್ಷರಕ್ಕೆ ಅಕ್ಷರ ಹೀಗೇ ಬರೆಯುವ ಪದ ಇದೆ. ಅದರ ಅರ್ಥ 'ಬೇಗ'. ಧೈರ್ಯದಿಂದ ನುಗ್ಗುವವನು ಬೇಗ ನುಗ್ಗುತ್ತಾನೆ, ಹಾಗೆ ಅರ್ಥ ಜಾರಿತು. ಜರ್ಮನ್ ಕಲಿಯುವವರು ಪತ್ರದ ಕೊನೆಯಲ್ಲಿ 'ಬಿಸ್ ಬಾಲ್ಟ್' ಎಂದು ಕಂಡರೆ ಗಾಬರಿಯಾಗಬೇಕಿಲ್ಲ. 'ಬೇಗ ಸಿಗೋಣ' ಎಂದಷ್ಟೇ.

ಕೊನೆಗೆ ಮಗಳ ಮೊದಲ ಪ್ರಶ್ನೆ. ಬಾಲ್ಡಾ, ಬಾಲ್ಡಿಂಗಾ? ಇದು ಬಹಳ ಹಳೆಯ ಪ್ರಶ್ನೆ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಯೂಬುಲಿಡೀಸ್ ಎಂಬ ಗ್ರೀಕ್ ಚಿಂತಕನಿದ್ದ. ಅವನ ಹೆಸರಿನಲ್ಲಿ ಒಂದು ಒಗಟು ಉಳಿದಿದೆ, ಅದಕ್ಕೆ ಫಲಕ್ರೋಸ್ ಎಂದೇ ಹೆಸರು. ತಲೆ ತುಂಬ ಕೂದಲಿರುವವನ ಒಂದು ಕೂದಲು ಕಿತ್ತರೆ ಅವನು ಬೋಳಾಗುತ್ತಾನಾ? ಇಲ್ಲ. ಇನ್ನೊಂದು ಕಿತ್ತರೆ? ಇಲ್ಲ. ಹೀಗೆ ಒಂದೊಂದಾಗಿ ಕೀಳುತ್ತ ಹೋದರೆ ಯಾವ ಕೂದಲಿಗೆ ಅವನು ಬೋಳಾದ? ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಆರೋಗ್ಯವಂತರಲ್ಲೂ ಮಾಮೂಲು. ಬಾಚಣಿಗೆಯಲ್ಲಿ ಸಿಕ್ಕ ಒಂದು ಎಳೆಯನ್ನು ಬೆಳಕಿಗೆ ಹಿಡಿದು 'ಗಡಿ ಇದೇ' ಎಂದು ಯಾರೂ ಹೇಳಲಾಗದು. ಎಲ್ಲಿ ಶುರು, ಎಲ್ಲಿ ಕೊನೆ ಎಂಬ ಗೆರೆ ಬಾಲ್ಡ್‌ನಂಥ ಪದಕ್ಕೆ ಇಲ್ಲ. ತತ್ವಶಾಸ್ತ್ರದ ಪಾಠಗಳಲ್ಲಿ ಇವತ್ತಿಗೂ ಇದೇ ಉದಾಹರಣೆ ಕೊಡುತ್ತಾರೆ.

ಆ ನಡುವಿನ ಸ್ಥಿತಿಗೆ ಇಂಗ್ಲಿಷ್ ಕೊಟ್ಟ ಹೆಸರು ಬಾಲ್ಡಿಂಗ್. ಬಾಲ್ಡ್‌ಗೆ ಹೋಲಿಸಿದರೆ ಇದು ತೀರಾ ಹೊಸದು, ಚಾಲ್ತಿಗೆ ಬಂದದ್ದು 1930ರ ದಶಕದ ಕೊನೆಯಲ್ಲಿ. ವ್ಯಾಕರಣದಲ್ಲಿ ಕಟ್ಟುನಿಟ್ಟಾಗಿದ್ದವರು ಆಗ ಒಪ್ಪಲಿಲ್ಲ. ಬಾಲ್ಡ್ ಎಂಬುದು ವಿಶೇಷಣ, 'ನಾನು ಬಾಲ್ಡ್ ಮಾಡುತ್ತಿದ್ದೇನೆ' ಎನ್ನುವ ಹಾಗೆ ಕ್ರಿಯಾಪದ ಅಲ್ಲ, ಅದಕ್ಕೆ 'ಇಂಗ್' ಹೇಗೆ ಸೇರಿಸುತ್ತೀರಿ ಎಂಬುದು ಅವರ ತಕರಾರು. ಆದರೆ ಕೂದಲು ನರೆಯುತ್ತಿದ್ದರೆ 'ಗ್ರೇಯಿಂಗ್' ಎನ್ನುತ್ತಾರಲ್ಲ, ಅದೂ ಬಣ್ಣದ ವಿಶೇಷಣದಿಂದ ಬಂದದ್ದೇ. ಜನಕ್ಕೆ ಪದ ಬೇಕಿತ್ತು, ಬಳಸಿದರು, ನಿಂತಿತು. ನನ್ನ ಮಟ್ಟಿಗೆ ಇದು ಅಗತ್ಯವಿದ್ದ ಪದವೇ. ಕನ್ನಡದಲ್ಲಿ ನಾವು 'ಕೂದಲು ಉದುರುತ್ತಿದೆ', 'ಬಕ್ಕ ಆಗ್ತಾ ಇದೆ' ಎಂದು ಕ್ರಿಯೆಯಲ್ಲೇ ಹೇಳುವುದನ್ನು ಅವರು ಒಂದೇ ಪದಕ್ಕೆ ಇಳಿಸಿದ್ದಾರೆ.

ವೈದ್ಯರಿಗೆ ಇಷ್ಟು ಸಾಲದು, ಅವರಿಗೆ ಗೆರೆ ಬೇಕೇಬೇಕು. ಗಂಡಸರ ಕೂದಲು ಹಿಂದೆ ಸರಿಯುವ ರೀತಿಯನ್ನು ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ವಿಂಗಡಿಸಿದರು. 1975ರಲ್ಲಿ ನಾರ್ವುಡ್ ಅದನ್ನು ತಿದ್ದಿ ಏಳು ಹಂತ ಮಾಡಿದರು. ಚರ್ಮದ ಡಾಕ್ಟರು ಇವತ್ತಿಗೂ ಆ ಚಿತ್ರಪಟ ನೋಡಿಯೇ ಹಂತ ಹೇಳುತ್ತಾರೆ. ಅವರು ಬಳಸುವ ಪದ 'ಅಲೋಪೀಶಿಯಾ'. ಗ್ರೀಕಿನಲ್ಲಿ ಅಲೋಪೆಕ್ಸ್ ಅಂದರೆ ನರಿ. ನರಿಗೆ ಕಜ್ಜಿ ಹತ್ತಿ ತುಪ್ಪಳ ಉದುರುವುದನ್ನು ಕಂಡು ಇಟ್ಟ ಹೆಸರು ಅದು. ಗಿಡಗಳ ಶಾಸ್ತ್ರದಲ್ಲಿ ನವಿರಿಲ್ಲದ ನುಣುಪು ಎಲೆಗೆ 'ಗ್ಲೇಬ್ರಸ್' ಎನ್ನುತ್ತಾರೆ. ಇದರ ಮೂಲ ಲ್ಯಾಟಿನ್‌ನ 'ಗ್ಲಾಬೆರ್', ನುಣುಪಾದ ಎಂದರ್ಥ. ಸಂತೋಷ ಎನ್ನುವ ಇಂಗ್ಲಿಷಿನ 'ಗ್ಲ್ಯಾಡ್' ಅದರ ಬಂಧು, ಮೊದಲು ಅದಕ್ಕೆ ಹೊಳೆಯುವ ಎಂಬ ಅರ್ಥವಿತ್ತು. ಇಲ್ಲೂ ಮತ್ತೆ ಹೊಳಪೇ ಬಂತು ನೋಡಿ.

ಬಳಸುವಾಗ ಒಂದು ಎಚ್ಚರ ಬೇಕು, ಇದನ್ನು ಮಗಳಿಗೂ ಹೇಳಿ. ಬಾಲ್ಡಿಂಗ್ ಎಂದರೆ ವಯಸ್ಸಿನ ಜೊತೆ ನಿಧಾನವಾಗಿ, ವರ್ಷಗಟ್ಟಲೆ ನಡೆಯುವ ಬದಲಾವಣೆ. ಒಂದು ಮಗುವಿನ ತಲೆಯಲ್ಲಿ ಕಾಯಿಲೆಯಿಂದ ನಾಣ್ಯದಗಲ ಕೂದಲು ಹೋಗಿದ್ದರೆ ಅದು ಬಾಲ್ಡಿಂಗ್ ಅಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಹೋದವರಿಗೂ ಆ ಪದ ಸಲ್ಲದು. ಅಲ್ಲಿ 'ಹೇರ್ ಲಾಸ್' ಎಂದರೆ ಸರಿಯೂ ಹೌದು, ಮೃದುವೂ ಹೌದು. ಬೇಕೆಂದೇ ತಲೆ ಬೋಳಿಸಿಕೊಂಡವರಿಗೆ 'ಶೇವ್ಡ್ ಹೆಡ್' ಎನ್ನಬೇಕು. ಆಗತಾನೇ ಹುಟ್ಟಿದ ಕೂಸಿಗೆ ಬಾಲ್ಡ್ ಎನ್ನಬಹುದು, ಬಾಲ್ಡಿಂಗ್ ಎನ್ನಲಾಗದು, ಉದುರಲು ಏನೂ ಇಲ್ಲವಲ್ಲ. ಇನ್ನೊಬ್ಬರ ತಲೆಯ ಬಗ್ಗೆ ಮುಖದೆದುರು ಹೇಳಲೇಬೇಕಾದಾಗ ಇಂಗ್ಲಿಷ್ ಮಾತಾಡುವವರು ಜಾಸ್ತಿ ಬಳಸುವುದು 'ಥಿನ್ನಿಂಗ್' ಎಂಬ ಪದವನ್ನು, ಅಂದರೆ ತೆಳ್ಳಗಾಗುತ್ತಿದೆ ಎಂದು.

ನೀವು ಬರೆದಿರುವ ಪ್ರಕಾರ ನೆತ್ತಿಯಲ್ಲಿ ಕೂದಲು ಕಮ್ಮಿಯಾಗುತ್ತಿದೆ, ಪೂರ್ತಿ ಹೋಗಿಲ್ಲ. ಹಾಗಾಗಿ ನೀವು ಬಾಲ್ಡಿಂಗ್. ಮಗಳಿಗೆ ಇದನ್ನು ಹೇಳುವಾಗ ನಾಮದ ಕೋಳಿಯ ಫೋಟೊವನ್ನೂ ತೋರಿಸಿ. ಕೊಕ್ಕಿನ ಬಿಳಿ ಎಲ್ಲಿ ಮುಗಿದು ಹಣೆಯ ಬಿಳಿ ಎಲ್ಲಿ ಶುರುವಾಗುತ್ತದೆ ಎಂದು ಅವಳೇ ಬೆರಳಿಟ್ಟು ಹುಡುಕಲಿ.